ಸಮುದ್ರಕ್ಕೆ ಹೊರಟವರ ಕರಡಿಗೆ ಚೀಲ

ನನ್ನ ದೊಡ್ಡ ತಮ್ಮನ ಹೆಂಡತಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಹಾಗಿದ್ದೂ ಅವಳೇ ಕಡೂರಿನಿಂದ ಫೋನ್ ಮಾಡಿ, ಅಂಡಮಾನಿಗೆ ಹೋಗುತ್ತಿದ್ದೇವೆ, ನೀವೂ ಬರಲೇಬೇಕು ಎಂದಾಗ ನಾನು ಅಜ್ಜಂಪುರದ ನನ್ನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕುಬಿಟ್ಟೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯವರು ನನ್ನನ್ನು ಬಾಯಿ ತುಂಬ ಕರೆಯುವುದು ಹಪ್ಪಳ ಸಂಡಿಗೆ ಇಡುವ ದಿನ ಮಾತ್ರ. ಅರವತ್ತು ದಾಟಿದರೂ ನಾನು ಸಮುದ್ರ ಕಂಡವಳಲ್ಲ. ಕಂಡರೆ ಸಾಲದು, ಅದರೊಳಗೆ ಇಳಿದು ಸೊಂಟದವರೆಗೆ ನೀರಿನಲ್ಲಿ ನಿಲ್ಲಬೇಕೆಂಬುದು ನನ್ನ ಆಸೆ. ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಪ್ಲಾನ್ ಮಾಡುವ ಕೆಲಸವೂ ನನ್ನ ತಲೆಗೇ ಬಂತು. ತರೀಕೆರೆಯ ಚಿಕ್ಕ ತಮ್ಮ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಯೂಟ್ಯೂಬ್ ನೋಡಿ ನೋಡಿ ಕಣ್ಣು ಉರಿಸಿಕೊಂಡವಳು ನಾನು. ಮರಳಿಗೆ ಕಾಲಿಟ್ಟರೆ ಸಮುದ್ರ ಎನ್ನುವಂಥ ರೆಸಾರ್ಟು, ಹಳೇ ಜೈಲು ನೋಡಲು ಒಂದು ದಿನ, ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು, ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡುವುದು, ಎಲ್ಲವನ್ನೂ ಹುಡುಕಿ ಗೊತ್ತುಮಾಡಿದೆ. ದೊಡ್ಡ ತಮ್ಮನದು ತೆಂಗಿನಕಾಯಿ ವ್ಯಾಪಾರ. ತೆಂಗಿನಮರ ನೋಡಲು ವಿಮಾನ ಯಾಕೆ, ಸಖರಾಯಪಟ್ಟಣದ ಬಸ್ಸು ಹತ್ತಿದರೆ ಸಾಲದೇ ಎಂದು ಹೇಳಿ ತಾನೇ ನಕ್ಕ. ಅವನ ಹೆಂಡತಿಗೆ ಇದ್ದ ಚಿಂತೆ ಒಂದೇ: ಮೀನು ಬೇಯಿಸಿದ ಪಾತ್ರೆಯಲ್ಲೇ ನಮಗೂ ಅನ್ನ ಮಾಡಿಬಿಟ್ಟರೆ? ಹಾಗಾಗಿ ಕುಕ್ಕರ್ ಒಯ್ಯುವುದೆಂದಾಯಿತು. ಕುಕ್ಕರ್ ಎಂದ ಮೇಲೆ ಅಕ್ಕಿ, ಅಕ್ಕಿ ಎಂದ ಮೇಲೆ ಸಾರಿನ ಪುಡಿ. ಅಡುಗೆ ಯಾರು ಮಾಡುತ್ತಾರೆಂದು ಯಾರೂ ಕೇಳಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಟಿಕೆಟ್ ಮಾಡಿಸುವ ಮೊದಲು ಎಲ್ಲರೂ ಕಡೂರಿನ ಮನೆಯಲ್ಲಿ ಸೇರಿದೆವು. ನಾವು ಲಿಂಗ ಕಟ್ಟುವ ಜನ. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಂಡರೆ ಅದು ಮೈಯಿಂದ ಅಗಲಬಾರದು. ಕಳೆದುಹೋದರೆ ಜೀವವೇ ಹೋದ ಹಾಗೆ. ಅಲೆ ಬಂದು ಕರಡಿಗೆಯನ್ನು ಸೆಳೆದುಕೊಂಡು ಹೋದರೆ ಏನು ಗತಿ ಎಂಬ ಮಾತು ಬಂತು. ರೂಮಿನ ಲಾಕರಿನಲ್ಲಿಡಿ ಎಂದೆ. ಶಿವನಿಗೆ ಬೀಗ ಹಾಕುವುದೇ ಎಂದು ದೊಡ್ಡ ತಮ್ಮ ಕೆನ್ನೆ ಕೆನ್ನೆ ಬಡಿದುಕೊಂಡ. ಬಟ್ಟೆ ಸುತ್ತಿ ರವಿಕೆಯೊಳಗೆ ಬಿಗಿಯಾಗಿ ಕಟ್ಟಿಕೊಂಡರಾಯಿತು, ನಾನಂತೂ ಹಾಗೇ ಮಾಡುವವಳು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಯಾಕೆಂದರೆ ಏನು ಮಾಡುವುದೆಂದು ಅವರವರಲ್ಲಿ ಮೊದಲೇ ತೀರ್ಮಾನವಾಗಿತ್ತು.

ತಮ್ಮನ ಹೆಂಡತಿ ಒಳಗಿನಿಂದ ಜಿಪ್ ಇರುವ ಒಂದು ಹೊಸ ಚೀಲ ತಂದು ನನ್ನ ಮಡಿಲಲ್ಲಿಟ್ಟಳು.

"ಎಲ್ರ ಕರಡಿಗೆನೂ ಇದ್ರಲ್ಲಿ ಹಾಕ್ಕೊಡ್ತೀವಿ ಅಕ್ಕ. ನೀವು ದಡದಲ್ಲಿ ಹಿಡ್ಕಂಡು ಕೂತಿರಿ. ಅದಕ್ಕೇ ಅಲ್ವಾ ನಿಮ್ಮನ್ನ ಕರ್ದಿದ್ದು."

ಒಬ್ಬರ ಲಿಂಗ ಇನ್ನೊಬ್ಬರ ಕೈ ಸೇರಬಾರದೆಂದು ನಮ್ಮಪ್ಪ ಈ ಇಬ್ಬರು ಗಂಡುಮಕ್ಕಳಿಗೂ ಬುದ್ಧಿ ಹೇಳಿ ಬೆಳೆಸಿದ್ದರು. ಲಾಕರ್ ಆಗದಂತೆ, ಅಕ್ಕನ ಮಡಿಲಾದರೆ ಆಗುತ್ತದಂತೆ. ಇದೇ ಜನ ಆರತಿ ಹೊತ್ತಿಗೆ ನನ್ನನ್ನು ಹಿಂದಕ್ಕೆ ಸರಿಸುವವರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನೂ ನೀರಿಗಿಳಿಯಬೇಕು ಎಂದೆ. ದೊಡ್ಡ ತಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಈ ವಯಸ್ಸಲ್ಲಿ ನಿಂಗ್ಯಾಕಕ್ಕ ಅವೆಲ್ಲ?"

ಅವನೇನೂ ಎಳೆಯನಲ್ಲ, ನನ್ನ ಬೆನ್ನಿಗೆ ಬಿದ್ದವನು. ನಿಮ್ಮ ನಿಮ್ಮ ದೇವರನ್ನು ನೀವೇ ಕಾಯಿರಿ ಎಂದು ಚೀಲವನ್ನು ಅವನ ಹೆಂಡತಿಯ ಮುಂದೆ ಎಸೆದು ಎದ್ದೆ. ಎಲೆ ಹಾಕಿದ್ದರು, ಉಣ್ಣಲಿಲ್ಲ. ಬಸ್ಸಿನಲ್ಲಿ ಕೂತು ಅವಳನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ನಾನಿಲ್ಲದೆಯೇ ಅವರು ಹೋದರು. ನಾನು ಆರಿಸಿದ ರೆಸಾರ್ಟು, ನಾನು ಹುಡುಕಿದ ದೋಣಿ. ಅಲ್ಲಿ ಬಿಡದೆ ಮಳೆ ಹೊಡೆಯಲಿ ಎಂದು ಹಾರೈಸಿದೆ, ಹೊಡೆಯಲಿಲ್ಲ. ತಮ್ಮಂದಿರಿಬ್ಬರೂ ಅಂಗಿ ಬಿಚ್ಚಿ ಎಮ್ಮೆಗಳ ಹಾಗೆ ನೀರಿನಲ್ಲಿ ಬಿದ್ದುಕೊಂಡಿದ್ದ ಫೋಟೋಗಳು ಬಂದವು. ಒಂದಕ್ಕೂ ಉತ್ತರ ಕೊಡಲಿಲ್ಲ.

ಅವರು ವಾಪಸಾದ ಮೇಲೆ ಒಂದು ಮಧ್ಯಾಹ್ನ ದೊಡ್ಡ ತಮ್ಮನ ಹೆಂಡತಿ ಒಬ್ಬಳೇ ಅಜ್ಜಂಪುರಕ್ಕೆ ಬಂದಳು. ಹೊಸ್ತಿಲಲ್ಲೇ ಮಾತಾಡಿಸಿ ಸಾಗಹಾಕುವ ಮನಸ್ಸಿತ್ತು. ಬಿಸಿಲಿಗೆ ಬಾಡಿದ್ದಳು, ಒಳಗೆ ಬಿಟ್ಟು ಕಾಫಿ ಕೊಟ್ಟೆ. ಸಮುದ್ರ ಹೇಗಿತ್ತು ಎಂದು ಚುಚ್ಚಬೇಕೆಂದೇ ಕೇಳಿದೆ.

"ನಾನೆಲ್ಲಿ ನೀರಿಗಿಳ್ದೆ ಅಕ್ಕ? ನೀವು ಬರ್ಲಿಲ್ವಲ್ಲ, ಚೀಲ ನನ್ ಕೈಗೆ ಕೊಟ್ರು. ಇದ್ದಷ್ಟು ದಿನಾನೂ ದಡದಲ್ಲೇ ಕೂತಿದ್ದೆ."

ನಿನ್ನ ಗಂಡ ಒಂದು ಗಳಿಗೆ ಹಿಡಿದುಕೊಳ್ಳಲಿಲ್ಲವೇ ಎಂದೆ. ಕೇಳಿದಳಂತೆ. ನೀರಲ್ಲಿ ನೀನೇನು ಮಾಡ್ತೀಯ ಎಂದನಂತೆ. ಚೆನ್ನಾಗಿ ಆಯಿತು ಎಂದು ಖುಷಿಪಡಲು ನೋಡಿದೆ, ಬರಲಿಲ್ಲ. ಅವಳ ಮೇಲಿನ ಕೋಪವೂ ಇಳಿಯಲಿಲ್ಲ, ಅದು ಬೇರೆ. ಅವಳ ಎದುರಿಗೇ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಮುಂದಿನ ಸಲ ನಾವಿಬ್ಬರೂ ನೀರಿಗಿಳಿಯುತ್ತೇವೆ, ಚೀಲ ಹಿಡಿದು ದಡದಲ್ಲಿ ಕೂರುವವನು ನೀನು ಎಂದೆ.

"ಮುಂದಿನ್ ಸಲ ಕೆಮ್ಮಣ್ಣುಗುಂಡಿಗೆ ಹೋಗನ ಬಿಡಕ್ಕ," ಎಂದ. "ಅಲ್ಲಾದ್ರೆ ಯಾರೂ ಕರಡಿಗೆ ಬಿಚ್ಚಂಗೇ ಇಲ್ಲ."

ಅವಳು ತನ್ನ ಪಾಡಿಗೆ ಕಾಫಿ ಲೋಟ ತೊಳೆಯಲು ಎದ್ದಳು.