ಚೆನ್ನಾಗಿದ್ದೀನಿ ಅಂದವಳು

ತೊಂಬತ್ತರ ದಶಕದಲ್ಲಿ ನಾನು ಕ್ಯಾಸಂಬಳ್ಳಿ ಕಡೆ ದಾದಿಯಾಗಿದ್ದಾಗ, ಬಾಣಂತಿಯರ ಮನಸ್ಸು ಹೇಗಿದೆಯೆಂದು ಕೇಳಿ ಬರೆದುಕೊಳ್ಳಲು ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ, ಉತ್ತರಕ್ಕೆ ಅಂಕ. ಅಂಕ ಜಾಸ್ತಿಯಾದರೆ ಖಿನ್ನತೆ, ಡಾಕ್ಟರ ಬಳಿ ಕಳಿಸಬೇಕು.

ಮೊದಲ ಮನೆಯ ಬಾಣಂತಿ ಮಗುವನ್ನು ನಗಿಸುತ್ತಾ ಕೂತಿದ್ದಳು. "ಸಂತೋಷವಾಗಿದ್ದೀಯೇನಮ್ಮಾ?" ಅಂದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿ ಒಲೆ ಬಿಟ್ಟು ಎದ್ದು ಬಂದಳು.

"ಅಂಗೆಲ್ಲಾ ಕೇಳ್ಬ್ಯಾಡಿ ಸಿಸ್ಟರಮ್ಮಾ, ಮಗೀಗೆ ದಿಷ್ಟಿ ಆಯ್ತದೆ. ಸುಖಾನೂ ಇಲ್ಲ, ನಿದ್ದೇನೂ ಇಲ್ಲ ಅಂತ ಬರ್ಕಳಿ."

ಮಗಳೂ ನಗು ತಡೆದುಕೊಂಡು ಹೂಂ ಅಂದಳು. ಹೇಳಿದ್ದನ್ನೇ ಬರೆಯಬೇಕೆಂದು ನಮಗೆ ಅಪ್ಪಣೆ, ಬರೆದೆ.

ಮುಂದಿನ ಮನೆಗಳಲ್ಲೂ ದಿಷ್ಟಿಗೆ ಹೆದರಿ ಇದೇ ಉತ್ತರ; ಸಂಜೆಯೊಳಗೆ ಊರಿನ ಬಾಣಂತಿಯರೆಲ್ಲ ಖಿನ್ನರಾಗಿದ್ದರು. ಕೊನೇ ಮನೆಯ ಲಕ್ಷ್ಮಮ್ಮ ಮಾತ್ರ ಹತ್ತಕ್ಕೂ "ಚೆನ್ನಾಗಿದ್ದೀನಕ್ಕ" ಅಂದಿದ್ದಳು. ಅವಳಿಗೆ ಸೊನ್ನೆ.

"ಇವಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಜೀಪಿನಲ್ಲಿ ಕರೆತನ್ನಿ" ಅಂದರು ಹಾಳೆಗಳನ್ನು ನೋಡಿದ ಡಾಕ್ಟರು.

"ಸಾರ್, ಅವಳ ಮಗುವಿಗೊಂದು ದೃಷ್ಟಿಬೊಟ್ಟೂ ಇಟ್ಟಿರಲಿಲ್ಲ" ಅಂದೆ.

"ಒಳ್ಳೇದಾಯ್ತಲ್ಲ, ಒಬ್ಬಳಾದರೂ ಮೂಢನಂಬಿಕೆ ಬಿಟ್ಟಳು!"

ಮನಸ್ಸು ತಡೆಯದೆ ಮರುದಿನ ಬೆಳಿಗ್ಗೆ ಲಕ್ಷ್ಮಮ್ಮನ ಮನೆಗೇ ಹೋಗಿ, ಬೊಟ್ಟು ಯಾಕಿಟ್ಟಿಲ್ಲ ಅಂತ ಕೇಳಿದೆ. ಅವಳು ಮಗುವಿನ ಕಡೆ ತಿರುಗದೆ ಗೋಡೆ ನೋಡುತ್ತಾ ಹೇಳಿದಳು: "ಇದನ್ನ ಯಾರು ನೋಡ್ತಾರೆ ಬಿಡಕ್ಕ. ನಂಗೇ ನೋಡಾಕೆ ಮನಸು ಬರಾಕಿಲ್ಲ."

ಅವತ್ತು ಖಿನ್ನರಾದವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡು, ಜೀಪಿನ ತುಂಬ ಹರಟುತ್ತಾ ನಗುತ್ತಾ ಬಂಗಾರಪೇಟೆ ಆಸ್ಪತ್ರೆಗೆ ಹೋದರು. ಚೆನ್ನಾಗಿದ್ದವಳನ್ನು ನಾನು ಕೈಹಿಡಿದು ಬಸ್ಸು ಹತ್ತಿಸಿಕೊಂಡು ಹೋದೆ.