ಒತ್ತಿ, ಚಿವುಟಬೇಡಿ

ಯಂತ್ರ ಬಳಸುವುದು ಹೇಗೆಂದು ಸರಳವಾಗಿ ಬರೆದುಕೊಡುವುದೇ ಊಟಿಯಲ್ಲಿ ನನ್ನ ಹೊಟ್ಟೆಪಾಡು. ಹಾಗಾಗಿ, ಚಹಾ ಎಲೆ ಒಯ್ಯುವ ಗಾಡಿಯನ್ನು ಇನ್ನು ಮೊಬೈಲಿನಲ್ಲೇ ಕರೆಯಬೇಕು ಎಂದಾದಾಗ ಹಟ್ಟಿಯಲ್ಲಿರುವ ನನ್ನ ಸೋದರತ್ತೆಗೆ ನಾನೇ ಬರೆದುಕೊಟ್ಟೆ. ಇಷ್ಟು ವರ್ಷ ಅವಳ ಎಲೆ ಮೈದುನನ ಮರ್ಜಿ ಕಾಯುತ್ತಿತ್ತು. ಅವನು ಕರೆದರೆ ಗಾಡಿ. ಅವನ ಮೂಟೆ ಏರಿದ ಮೇಲೆ ಜಾಗ ಉಳಿದರೆ ಇವಳದು. ಈಗ ಗಾಡಿಯನ್ನು ತಾನೇ ಕರೆಯಬೇಕೆಂದು ಅತ್ತೆಯ ಹಟ.

‘ನಕ್ಷೆಯಲ್ಲಿ ನಿಮ್ಮ ಹಟ್ಟಿಯನ್ನು ಮುಟ್ಟಿ. ಹಸಿರು ಗುಂಡಿ ಒತ್ತಿ.’ ಎರಡೇ ಸಾಲು. ಇದಕ್ಕಿಂತ ಸರಳವಾಗಿ ಬ್ರಹ್ಮನೂ ಬರೆಯಲಾರ ಎಂದು, ಹೆಂಗಸಾದ ನಾನು ಇಲ್ಲದ ಮೀಸೆ ತಿರುವಿದೆ.

ರಜೆಯ ದಿನ ಅತ್ತೆಯ ಮನೆಯಲ್ಲಿ ಕೂತಿದ್ದಾಗ ಅವಳ ಫೋನಿಗೆ ಡ್ರೈವರ್ ಕರೆ ಮಾಡಿದ. “ಏನಮ್ಮಾ, ನಿಮ್ಮ ಲೀಫು ತೆಪ್ಪಕಾಡು ಆನೆ ಕ್ಯಾಂಪಲ್ಲಿದೆ ಅಂತ ತೋರಿಸ್ತಿದೆ. ಆನೆಗೆ ಟೀ ಕುಡಿಸ್ತೀರಾ?”

ಮತ್ತೆ ಮಾಡಿ ತೋರಿಸು ಎಂದೆ. ಅತ್ತೆ ಹೆಬ್ಬೆರಳು ತೋರುಬೆರಳು ಕೂಡಿಸಿ ಪರದೆಯನ್ನು ಚಿವುಟಿದಳು! ಮದುವೆಯಾದಾಗಿನಿಂದ ಎರಡೆಲೆ ಒಂದು ಕುಡಿ ಚಿವುಟಿದ ಕೈ, ಅದಕ್ಕೆ ಮುಟ್ಟುವುದೆಂದರೆ ಅದೇ. ಚಿವುಟಿದಂತೆಲ್ಲ ನಕ್ಷೆ ಕುಗ್ಗಿ, ಹಟ್ಟಿ ಮಾಯವಾಗಿ, ಇಡೀ ನೀಲಗಿರಿ ಅಂಗೈಯಗಲವಾಗಿ, ಬೆರಳು ತೆಪ್ಪಕಾಡಿನ ಮೇಲೆ ಬಿತ್ತು.

ಹೊರಗೆ ಮೂಟೆಯೊಳಗೆ ಕೈಯಿಟ್ಟೆ. ಎಲೆ ಬಿಸಿಯೇರುತ್ತಿತ್ತು. ಕೆಂಪಾದರೆ ಕಾರ್ಖಾನೆಯವರು ಮೂಸಿಯೂ ನೋಡರು. ಗಾಬರಿಯಿಂದ ಫೋನ್ ಕಿತ್ತುಕೊಳ್ಳಹೋದೆ.

“ನೀ ಮುಟ್ಟಬೇಡ! ನಾಳೆಗ ನೀ ಇಲ್ಲಿ ಇಲ್ಲೆ. ಎನಗ ಹೇಳಿಕೊಡು.”

ಎಲ್ಲ ಮುಚ್ಚಿಸಿ, ಹೊಸದಾಗಿ ತೆರೆಸಿ, ಒಂದೇ ಬೆರಳು ಎಂದೆ. ಒಂದೇ ಬೆರಳಲ್ಲಿ ಗೋಡೆ ತಳ್ಳುವಂತೆ ಒತ್ತಿದಳು, ಬೇಡದ್ದೆಲ್ಲ ತೆರೆದುಕೊಂಡಿತು. ನನ್ನ ತಾಳ್ಮೆ ಕೆಟ್ಟಿತು.

“ಒರಗಿದ ಕೂಸಿಗ ಬೊಟ್ಟು ಇಡುವೆಯಲ್ಲ ಅತ್ತೆ, ಎಚ್ಚರ ಆಗದಂಗೆ? ಹಾಂಗ ಇಡು!” ಎಂದು ಕೂಗಿದೆ.

ಅತ್ತೆ ಉಸಿರು ಬಿಗಿಹಿಡಿದು ಹಟ್ಟಿಗೊಂದು ಬೊಟ್ಟಿಟ್ಟಳು. ಹಸಿರು ಗುಂಡಿಗೊಂದು.

ಗಾಡಿ ತಿರುವಿನಲ್ಲಿ ಕಂಡಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಅತ್ತೆ ತನ್ನ ಮೂಟೆಗಳನ್ನು ಏರಿಸಿದಳು. ಅಷ್ಟರಲ್ಲಿ ಮೈದುನ ಮೂಟೆ ಹೊತ್ತು ಏದುಸಿರು ಬಿಡುತ್ತ ಬಂದು, ಯಾರನ್ನೂ ಕೇಳದೆ ಗಾಡಿಗೆ ಹಾಕಹೋದ.

ಅತ್ತೆ ಅಡ್ಡ ನಿಂತಳು. “ಇದು ನಾ ಕರೆದ ಗಾಡಿ. ಇರು, ಜಾಗ ಉಂಟಾ ಅಂತ ನೋಡುವೆ.”