ಮೇ ತಿಂಗಳ ಬೆನ್ನಿನ ಸುಂಟರಗಾಳಿ

ಕರೆಂಟು ಹೇಳಿದ ಹೊತ್ತಿಗೆ ತಪ್ಪದೆ ಹೋಗಿ, ಹೇಳಿದ ಹೊತ್ತಿಗೆ ಎಂದೂ ಬಾರದಿದ್ದ ಕಾಲವದು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಆ ಬೇಸಿಗೆಗಳನ್ನು ಕಳೆದವರಿಗೆ ಗೊತ್ತು, ಮಧ್ಯಾಹ್ನ ಮೂರೂವರೆಗೆ ಫ್ಯಾನು ನಿಂತರೆ ಇಡೀ ಬಿಲ್ಡಿಂಗೇ ಬೀಸಣಿಗೆ ಹಿಡಿದು ಗ್ಯಾಲರಿಗೆ ಬರುತ್ತಿತ್ತು. ನನಗಾಗ ಹತ್ತು ವರ್ಷ.

ನನ್ನ ಸಿಟ್ಟು ಸೆಕೆಯ ಮೇಲಾಗಿರಲಿಲ್ಲ. ಶನಿವಾರ ಮೂರು ಗಂಟೆಗೆ ಟಿ.ವಿ.ಯಲ್ಲಿ ಅಮೆರಿಕದ ಸುಂಟರಗಾಳಿಗಳನ್ನು ತೋರಿಸುತ್ತಿದ್ದರು. ಯಾರೋ ಕಾರಿನಲ್ಲಿ ಕೂತು, ಕೈ ನಡುಗಿಸುತ್ತಲೇ ಕ್ಯಾಮೆರಾದಲ್ಲಿ ಹಿಡಿದ ನಿಜವಾದ ಸುಂಟರಗಾಳಿಗಳು. ಒಂದರಲ್ಲಿ ಬಯಲ ನಡುವೆ ಒಂಟಿ ಬಿಳಿ ಮನೆ. ಆಕಾಶದಿಂದ ನೆಲದವರೆಗೆ ಗಿರಗಿರನೆ ತಿರುಗುವ ಬೂದು ಗಾಳಿ ಅದರತ್ತಲೇ ಬರುತ್ತಿತ್ತು. ಪಕ್ಕದ ಮನೆಯ ಮಂಜಿರಿಯೂ ನಾನೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಟಿ.ವಿ. ಕಪ್ಪಾಯಿತು.

“ಗೇಲೀ ಲೈಟ್!” ಕರೆಂಟು ಹೋಯಿತೆಂದು ಮಂಜಿರಿ ಮರಾಠಿಯಲ್ಲಿ ಕಿರುಚಿದಳು.

ಮುಂದಿನ ಶನಿವಾರ ಅದೇ ಕಂತನ್ನು ಮತ್ತೆ ಹಾಕಿದರು. ಮನೆ ಬಂತು, ಗಾಳಿ ಬಂತು, ಕರೆಂಟು ಹೋಯಿತು. ಇಂಥ ಅನ್ಯಾಯ ಉಂಟೇ!

ಆ ಮನೆ ಉಳಿಯಿತೋ ಇಲ್ಲವೋ ಎಂದು ತಿಳಿಯದೆ, ಮುಂದಿನದನ್ನು ನಾವೇ ಬಿಡಿಸತೊಡಗಿದೆವು. ಅಪ್ಪ ಮ್ಯಾನೇಜರಾಗಿದ್ದ ಹೋಟೆಲಿಗೆ ಕಾಫಿಪುಡಿ ಕೊಡುವವರು ಹಂಚಿದ ಕ್ಯಾಲೆಂಡರಿನಲ್ಲಿ ಮುಗಿದ ತಿಂಗಳುಗಳ ಹಾಳೆಗಳೇ ನಮ್ಮ ಕಾಗದ. ಹಿಂಬದಿ ನುಣ್ಣಗೆ ಬೆಳ್ಳಗಿರುತ್ತಿತ್ತು. ಗಾಳಿ ನನ್ನದು, ಮನೆ ಮಂಜಿರಿಯದು. ಬರೀ ಕಪ್ಪು ಬಳಿದರೆ ಒಲೆಯ ಹೊಗೆಯಂತೆ ಕಾಣುತ್ತದೆ, ನೀಲಿಗೆ ಕಂದು ಬೆರೆಸಬೇಕು ಎಂದು ಜನವರಿ ಹಾಳಾದ ಮೇಲೆ ಗೊತ್ತಾಯಿತು. ಅಪ್ಪ ಮಧ್ಯಾಹ್ನದ ಬಿಡುವಿನಲ್ಲಿ ಗೋಳಿಬಜೆಯ ಪೊಟ್ಟಣ ಹಿಡಿದು ಬರುತ್ತಿದ್ದರು. ಅಂಗಿಗೆ ಸಾಂಬಾರಿನ ವಾಸನೆ.

“ಎಂತದಿದು, ಕಾಫಿ ಎತ್ತಿ ಹೊಯ್ದದ್ದಾ?”

“ಅಲ್ಲಪ್ಪ, ಸುಂಟರಗಾಳಿ!”

“ಮನೆಗೆ ತಾಗ್ತದಾ?”

“ಇಲ್ಲ. ನಾವು ತಾಗಿಸುದಿಲ್ಲ.”

ಏಪ್ರಿಲಿನಲ್ಲಿ ಮೆಟ್ಟಿಲ ಬುಡದಲ್ಲಿ ನೋಟಿಸು ಅಂಟಿತು. ಕಟ್ಟಡ ಅಪಾಯದಲ್ಲಿದೆ, ಮಳೆಗೆ ಮೊದಲು ಖಾಲಿ ಮಾಡಿ. ಅಪ್ಪ ಮೇ ತಿಂಗಳ ಕೊನೆಯ ಭಾನುವಾರಕ್ಕೆ ಕೆಂಪು ಸುತ್ತು ಹಾಕಿದರು. ನಾವು ಬದಲಾಪುರಕ್ಕೆ, ಮಂಜಿರಿಯವರು ಅದಕ್ಕೆ ವಿರುದ್ಧ ದಿಕ್ಕಿನ ಘೋಡಬಂದರ್ ರಸ್ತೆಗೆ. ದೊಡ್ಡವರು ಸರಳು, ಸಿಮೆಂಟು, ತುಕ್ಕು ಎಂದೆಲ್ಲ ಮಾತಾಡಿದರು. ನನಗೆ ಅರ್ಥವಾದದ್ದು ಇಷ್ಟೇ: ಇನ್ನು ಗೋಡೆ ತಟ್ಟಿದರೆ ಮಂಜಿರಿ ಓಡಿ ಬರುವುದಿಲ್ಲ.

ಅವಳು ಬಾಗಿಲಲ್ಲಿ ಕಾವಲು ನಿಂತಳು, ನಾನು ಸ್ಟೂಲು ಹತ್ತಿ ಮೇ ತಿಂಗಳನ್ನೇ ಹರಿದೆ. ಅದರ ಬೆನ್ನ ಮೇಲೆ ಎಲ್ಲಕ್ಕಿಂತ ದೊಡ್ಡ ಸುಂಟರಗಾಳಿ ಬಂತು. ಈ ಸಲ ಬಿಳಿ ಮನೆಯಲ್ಲ. ಗ್ಯಾಲರಿಯ ಬಟ್ಟೆ, ತಾರಸಿಯ ಮೇಲೆ ಅಮ್ಮ ಒಣಗಿಸಿದ ಸಂಡಿಗೆ ಸಮೇತ ನಮ್ಮದೇ ಬಿಲ್ಡಿಂಗು, ನೆಟ್ಟಗೆ ನಿಂತಿತ್ತು.

ಮೇ ಒಂದರಂದು ಅಮ್ಮ ಏಪ್ರಿಲ್ ಹಾಳೆ ಎತ್ತಿದರೆ ಜೂನ್!

“ಅಯ್ಯೋ ದೇವರೇ, ಮೇ ಎಲ್ಲಿ ಹೋಯ್ತು? ಅಕ್ಷಯ ತದಿಗೆ ಯಾವತ್ತು ಅಂತ ನಾನು ಯಾರನ್ನು ಕೇಳುದು?”

ಹಾಸಿಗೆಯಡಿಯಿಂದ ಹಾಳೆ ತಂದುಕೊಟ್ಟೆ. ಅಪ್ಪ ಆ ಬದಿ ನೋಡಿದರು, ಈ ಬದಿ ನೋಡಿದರು. ಪೆಟ್ಟು ಬೀಳುವ ಮೊದಲೇ ನಾನು ಅಳು ಶುರುಮಾಡಿದ್ದೆ.

“ಈ ತಿಂಗಳು ಬರದಿದ್ರೆ ಹೋಗುದು ಬೇಡ ಅಲ್ವಾ, ಅದಕ್ಕೆ...”

ಅಪ್ಪ ನಗಲಿಲ್ಲ. ಮೊಳೆಗೆ ಹಾಳೆಯನ್ನು ಚಿತ್ರದ ಬದಿ ಕಾಣುವಂತೆ ಸಿಕ್ಕಿಸಿದರು. “ಇರ್ಲಿ ಮಾರಾಯ್ತಿ. ಈ ತಿಂಗಳು ಹೀಗೇ ಇರ್ಲಿ.”

ತಾರೀಕು ಬೇಕಾದಾಗಲೆಲ್ಲ ಅಮ್ಮ ಗೊಣಗುತ್ತಾ ಸುಂಟರಗಾಳಿಯನ್ನೆತ್ತಿ ಹಿಂದೆ ಇಣುಕುತ್ತಿದ್ದಳು. ಕೊನೆಯ ಭಾನುವಾರ ಮಾತ್ರ ಯಾರೂ ಇಣುಕದೆಯೇ ಬಂತು. ಟೆಂಪೊ ಹೊರಡುವಾಗ ಚಿತ್ರಕ್ಕಾಗಿ ಜಗಳವಾಯಿತು. “ಘರ್ ಮೇರಾ ಹೈ,” ಎಂದಳು ಮಂಜಿರಿ. ನಿಜ, ಮನೆ ಬಿಡಿಸಿದವಳು ಅವಳೇ. ಕೊಟ್ಟುಬಿಟ್ಟೆ. ಒಂದೆರಡು ವರ್ಷ ಫೋನಿನಲ್ಲಿ ಮಾತಾಡಿದೆವು, ಆಮೇಲೆ ನಂಬರು ಬದಲಾಯಿತು. ಅವಳದೋ ನಮ್ಮದೋ, ಈಗ ನೆನಪಿಲ್ಲ.

ಮೊನ್ನೆ ಸಂಜೆ ಮೊಬೈಲಿನಲ್ಲಿ ಏನೋ ಹುಡುಕುವಾಗ ಅದೇ ನಡುಗುವ ಕೈ, ಅದೇ ಬಿಳಿ ಮನೆ ಸಿಕ್ಕಿತು. ಕರೆಂಟು ಹೋಗುತ್ತಿದ್ದ ಜಾಗ ದಾಟುವಾಗ ಎದೆ ಡವಗುಟ್ಟಿತು. ಗಾಳಿ ಅಂಗಳದವರೆಗೆ ಬಂದು, ಒಂದು ಮರ ಕಿತ್ತು, ಹೊಲದತ್ತ ಹೊರಳಿಕೊಂಡಿತು. ಮನೆ ಹಾಗೆಯೇ ನಿಂತಿತ್ತು. ನಮ್ಮ ಬಿಲ್ಡಿಂಗನ್ನು ಕೆಡವಿದ ದಿನ ಒಂದೆಲೆಯೂ ಅಲುಗುತ್ತಿರಲಿಲ್ಲ ಎಂದು ನೋಡಿ ಬಂದ ಅಪ್ಪ ಹೇಳಿದ್ದರು. ಕಣ್ಣು ತುಂಬಿ ಬಂತು. ಮೊದಲು ಹೇಳಬೇಕಾದದ್ದು ಮಂಜಿರಿಗೆ, ಅವಳೆಲ್ಲಿದ್ದಾಳೋ!

ನಿವೃತ್ತರಾಗಿ ನಮ್ಮೊಡನೆಯೇ ಇರುವ ಅಪ್ಪ ಪೇಪರು ಓದುತ್ತಿದ್ದರು.

“ಅಪ್ಪಾ, ಆ ಮನೆ ಬೀಳ್ಲಿಲ್ಲ. ಇನ್ನೂ ಉಂಟು!”

ಅಪ್ಪ ಪೇಪರನ್ನು ಕೆಳಗಿಳಿಸಿ ನನ್ನ ಮುಖ ನೋಡಿದರು.

“ಹೌದಾ?” ಎಂದರು. “ಯಾವ್ದು, ನಮ್ದಾ?”